ದೊಡ್ಡ ಟರ್ಬೊ ಹಾಕಿಸ್ತೀರಾ? ಮೊದಲು ಲಾಗ್ ಕೇಳಿ

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇಟ್ಟುಕೊಂಡು ಐಎಸ್ 38 ಎಂಬ ದೊಡ್ಡ ಟರ್ಬೊ (ಎಂಜಿನ್ ಒಳಗೆ ಜಾಸ್ತಿ ಗಾಳಿ ಒತ್ತಿ ಶಕ್ತಿ ಏರಿಸುವ ಭಾಗ) ಹಾಕಿಸುವ ಯೋಚನೆಯಲ್ಲಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹಾಕಿಸಲೇಬೇಡಿ ಅಂತ ಹೇಳುತ್ತಿಲ್ಲ. ಸರಿಯಾಗಿ ಹಾಕಿಸಿಕೊಂಡು ಆರಾಮಾಗಿ ಓಡಿಸುತ್ತಿರುವವರು ಇದ್ದಾರೆ. ಆದರೆ ಟರ್ಬೊ ಕೂರಿಸಿ, ಎಂಜಿನ್ ಕಂಪ್ಯೂಟರಿಗೆ (ಇಸಿಯು) ಹೊಸ ಸೆಟ್ಟಿಂಗ್‌ಗಳ ಫೈಲ್ ಹಾಕಿ, ಒಂದು ಲಾಗ್ (ಓಡುವಾಗ ಆ ಕಂಪ್ಯೂಟರ್ ಅಳೆದ ಅಂಕಿಗಳ ದಾಖಲೆ) ಕೂಡ ತೆಗೆಯದೆ ಕೀಲಿ ಕೈಗೆ ಕೊಡುವ ಅಂಗಡಿಗೆ ಮಾತ್ರ ಹೋಗಬೇಡಿ. ನನ್ನ ಕಾರು ಅಂಥ ಅಂಗಡಿಯಿಂದ ಹೊರಗೆ ಬಂದದ್ದು. ಅಂಗಡಿಯ ಹೆಸರು ಇಲ್ಲಿ ಬರೆಯುವುದಿಲ್ಲ, ಕೇಳಲೂ ಬೇಡಿ. ಅಂಗಡಿ ಯಾವುದೇ ಇರಲಿ, ನೋಡಬೇಕಾದ ಲಕ್ಷಣಗಳು ಅವೇ.

ನನ್ನದು 2017ರ ಆರ್‌ಎಸ್ 230. ಎರಡು ಲೀಟರ್ ಪೆಟ್ರೋಲ್ ಎಂಜಿನ್, 230 ಪಿಎಸ್, 350 ಎನ್‌ಎಂ ಟಾರ್ಕ್. ಕಂಪನಿಯಿಂದ ಬರುವುದು ಐಎಸ್ 20 ಟರ್ಬೊ. ಗಾಲ್ಫ್ ಆರ್ ಮತ್ತು ಆಡಿ ಎಸ್3 ಕಾರುಗಳಲ್ಲಿ ಬರುವ ದೊಡ್ಡಣ್ಣನೇ ಐಎಸ್ 38. ಈ ಎಂಜಿನ್‌ನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್‌ನ ಒಳಗೇ ಇದೆ. ಟರ್ಬೊ ನೇರವಾಗಿ ಹೆಡ್‌ಗೇ ಬೋಲ್ಟ್ ಆಗುತ್ತದೆ. ಐಎಸ್ 20 ಬಿಚ್ಚಿದ ಜಾಗದಲ್ಲಿ ಐಎಸ್ 38 ಹೆಚ್ಚು ಗಲಾಟೆ ಇಲ್ಲದೆ ಕೂರುತ್ತದೆ. ಈ ಸುಲಭವೇ ಎಲ್ಲರನ್ನೂ ಸೆಳೆಯುವುದು. "ಬೆಳಗ್ಗೆ ಬಿಟ್ಟು ಹೋಗಿ ಸರ್, ಸಂಜೆ ಬಂದು ಓಡಿಸಿಕೊಂಡು ಹೋಗಿ" ಅಂದರು. ಫೈಲ್ ಯಾರದು ಅಂತ ಕೇಳಿದೆ. "ಯುರೋಪಿನ ಪ್ರೂವನ್ ಫೈಲ್ ಸರ್, ನೂರಾರು ಕಾರಲ್ಲಿ ಓಡ್ತಿದೆ" ಅಂದರು. ಲಾಗ್ ಬಗ್ಗೆ ಕೇಳಿದ್ದಕ್ಕೆ, "ಅದೆಲ್ಲ ಕಸ್ಟಮ್ ಟ್ಯೂನ್‌ಗೆ ಸರ್, ಇದು ರೆಡಿ ಫೈಲ್" ಅಂತ ನಕ್ಕರು.

ಈ ರೆಡಿ ಫೈಲ್ ಅನ್ನುವ ಮಾತು ಕಿವಿಗೆ ಬಿದ್ದರೆ ಅಲ್ಲಿಂದ ಎದ್ದು ಬನ್ನಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಮೊದಲು ಕಾರು ಹುಚ್ಚು ಹಿಡಿಸುವಂತೆ ಓಡಿತು, ಸುಳ್ಳು ಹೇಳುವುದಿಲ್ಲ. 3,500 ಆರ್‌ಪಿಎಂ ದಾಟಿದ ಮೇಲೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಅದಕ್ಕಿಂತ ಕೆಳಗೆ ಮಾತ್ರ ಕಾರು ಮೊದಲಿಗಿಂತ ಮಂಕು. ಟರ್ಬೊ ಒಳಗಿನ ಚಕ್ರ ದೊಡ್ಡದಾದರೆ ಅದನ್ನು ತಿರುಗಿಸಲು ಎಂಜಿನ್‌ನಿಂದ ಜಾಸ್ತಿ ಹೊಗೆಗಾಳಿ ಬೇಕು, ಬೂಸ್ಟ್ (ಟರ್ಬೊ ಒತ್ತುವ ಗಾಳಿಯ ಒತ್ತಡ) ತಡವಾಗಿ ಬರುತ್ತದೆ. ಸಿಲ್ಕ್ ಬೋರ್ಡ್ ಕಡೆಯಿಂದ ದಿನಾ ಆಫೀಸಿಗೆ ಹೋಗುವವನಿಗೆ 3,500 ಆರ್‌ಪಿಎಂ ಅನ್ನುವುದು ಭಾನುವಾರ ಬೆಳಗಿನ ಜಾವ ಮಾತ್ರ ಸಿಗುವ ವಸ್ತು. ಊರೊಳಗೆ ಓಡಿಸಲು ಐಎಸ್ 20 ನಿಜಕ್ಕೂ ಚೆನ್ನಾಗಿತ್ತು.

ಮೊದಲ ಸೂಚನೆ ಬಂದದ್ದು ಗೇರ್‌ಬಾಕ್ಸ್‌ನಿಂದ. ನಾಲ್ಕನೇ ಗೇರ್‌ನಲ್ಲಿ ಪೂರ್ತಿ ಅಮುಕಿದರೆ ಆರ್‌ಪಿಎಂ ಮುಳ್ಳು ಜಿಗಿಯುತ್ತಿತ್ತು, ಕಾರಿನ ವೇಗ ಅದಕ್ಕೆ ತಕ್ಕಂತೆ ಏರುತ್ತಿರಲಿಲ್ಲ. ಕ್ಲಚ್ ಜಾರುತ್ತಿತ್ತು. ಈ ಕಾರಿನ ಆರು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಅಂದರೆ ಡಿಕ್ಯೂ 250, ಕಂಪನಿ ಲೆಕ್ಕದಲ್ಲಿ 350 ಎನ್‌ಎಂಗೆ ಮಾಡಿದ್ದು. ಐಎಸ್ 38 ಅದನ್ನು ಎಲ್ಲೋ ಮೀರಿ ಹೋಗುತ್ತದೆ. ಹಾಗಾಗಿ ಎಂಜಿನ್ ಜೊತೆಗೆ ಗೇರ್‌ಬಾಕ್ಸ್ ಕಂಪ್ಯೂಟರಿಗೂ ಟ್ಯೂನ್ ಬೇಕು, ಕ್ಲಚ್ ಹಿಡಿತದ ಒತ್ತಡ ಹೆಚ್ಚಿಸಬೇಕು. ಅಂಗಡಿಯವರು ಅದನ್ನು ಮುಟ್ಟಿಯೇ ಇರಲಿಲ್ಲ. ಕೇಳಿದರೆ, "ಅದು ಬೇರೆ ಪ್ಯಾಕೇಜ್ ಸರ್."

ಆಮೇಲೆ ಚೆಕ್ ಎಂಜಿನ್ ಲೈಟ್ ಬಂತು. ಕೋಡ್ ಪಿ0299, ಅಂದರೆ ಕೇಳಿದಷ್ಟು ಬೂಸ್ಟ್ ಬರುತ್ತಿಲ್ಲ. ಅಂಗಡಿಗೆ ಕೊಂಡುಹೋದೆ. ಹುಡುಗ ಸ್ಕ್ಯಾನರ್ ಚುಚ್ಚಿದ, ಕೋಡ್ ಅಳಿಸಿದ, "ಹೊಸ ಟರ್ಬೊ ಸೆಟ್ ಆಗ್ಬೇಕಲ್ವಾ ಸರ್" ಅಂದ. ಟರ್ಬೊ ಅನ್ನುವುದು ಸೆಟ್ ಆಗಲು ಹೊಸ ಚಪ್ಪಲಿಯಲ್ಲ. ಅದೇ ಹೊತ್ತಿಗೆ ಟರ್ಬೊ ಸದ್ದೂ ಬದಲಾಗಿತ್ತು. ಮೊದಲು ತೆಳುವಾದ ಸೀಟಿ ಇತ್ತು. ಈಗ ಬೂಸ್ಟ್ ಏರುವಾಗ ಊಳಿಡುವ ಸದ್ದು, ಆರ್‌ಪಿಎಂ ಜೊತೆಗೇ ಏರಿ ಇಳಿಯುತ್ತಿತ್ತು. ಆ ಸದ್ದಿಗೆ ಅಂಗಡಿಯವರು ಕೊಟ್ಟ ಉತ್ತರ: "ದೊಡ್ಡ ಟರ್ಬೊ ಸೌಂಡೇ ಹಾಗೆ, ಜನ ಅದಕ್ಕೇ ದುಡ್ಡು ಕೊಡ್ತಾರೆ."

ಕೊನೆಗೆ ಟರ್ಬೊ ಕೆಟ್ಟುಹೋದದ್ದು ಸಕಲೇಶಪುರದಿಂದ ವಾಪಸ್ ಬರುವಾಗ, ಚನ್ನರಾಯಪಟ್ಟಣ ದಾಟಿದ ಮೇಲೆ. ಒಂದು ಲಾರಿ ಹಿಂದೆ ಹಾಕಲು ಅಮುಕಿದೆ. ಊಳು ಏರಿತು, ಟಕ್ ಅಂತು, ಆಮೇಲೆ ಸದ್ದೇ ಇಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆ ಕಾಣಿಸುತ್ತಿಲ್ಲ, ಬರೀ ನೀಲಿ ಬಿಳಿ ಹೊಗೆ. ಎಡಕ್ಕೆ ತೆಗೆದು ತಕ್ಷಣ ಎಂಜಿನ್ ಆಫ್ ಮಾಡಿದೆ. ಇದೊಂದು ನೆನಪಿಡಿ: ಟರ್ಬೊ ಶಾಫ್ಟ್ ಮುರಿದರೆ ಎಂಜಿನ್ ಆಯಿಲ್ ಎರಡೂ ಕಡೆಯಿಂದ ಹೊರಗೆ ನುಗ್ಗುತ್ತದೆ. ಮುಂದಿನ ಊರಿನವರೆಗೆ ಹೋಗೋಣ ಅಂತ ಓಡಿಸಿದರೆ ಆಯಿಲ್ ಖಾಲಿಯಾಗಿ ಬೇರಿಂಗ್‌ಗಳೂ ಹೋಗುತ್ತವೆ. ಫ್ಲ್ಯಾಟ್‌ಬೆಡ್ ಬರುವವರೆಗೆ ಟೋಲ್ ಹತ್ತಿರದ ಹೋಟೆಲಲ್ಲಿ ಕಾಫಿ ಕುಡಿಯುತ್ತ ಕೂರುವುದೇ ವಾಸಿ.

ಕಾರನ್ನು ಅದೇ ಅಂಗಡಿಗೆ ಕಳಿಸಲಿಲ್ಲ. ರ‍್ಯಾಲಿ ಕಾರುಗಳ ಕೆಲಸ ಮಾಡಿ ಪಳಗಿದ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದೆ. ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಕೆಳಗಿನ ಪೈಪ್ ಕಳಚಿದಾಗ ಆಯಿಲ್ ದಪ್ಪ ಧಾರೆಯಾಗಿ ತಟ್ಟೆಗೆ ಸುರಿಯಿತು. ಅದಕ್ಕೆ ಟಾರ್ಚ್ ಬಿಟ್ಟರೆ ಒಳಗೆಲ್ಲ ಅಲ್ಯೂಮಿನಿಯಂ ಪುಡಿ ಮಿನುಗುತ್ತಿತ್ತು. ಗಾಳಿ ಒತ್ತುವ ಕಂಪ್ರೆಸರ್ ಚಕ್ರದ ರೆಕ್ಕೆಗಳು ಅದರ ಹೊರಕವಚಕ್ಕೆ ಉಜ್ಜಿ ಅರ್ಧ ಸವೆದಿದ್ದವು. ಶಾಫ್ಟ್ ಮಧ್ಯೆ ತುಂಡಾಗಿತ್ತು, ಬೇರಿಂಗ್ ಕೂರುವ ಜಾಗ ಸುಟ್ಟು ನೀಲಿಯಾಗಿತ್ತು. ಮೆಕ್ಯಾನಿಕ್ ಅಣ್ಣ ಆಮೇಲೆ ಟರ್ಬೊದಿಂದ ಆಯಿಲ್ ವಾಪಸ್ ಇಳಿಯುವ ಪೈಪಿನ ಫ್ಲ್ಯಾಂಜ್ ತೋರಿಸಿದರು. ಅಲ್ಲಿ ಹೊಸ ಗ್ಯಾಸ್ಕೆಟ್ ಇರಬೇಕಿತ್ತು. ಗ್ಯಾಸ್ಕೆಟ್ ಇರಲಿಲ್ಲ, ಕೆಂಪು ಸಿಲಿಕಾನ್ ಪೇಸ್ಟ್ ಮೆತ್ತಿದ್ದರು. ಒಳಕ್ಕೆ ಹಿಂಡಿ ಬಂದ ಪೇಸ್ಟ್ ಎರೆಹುಳು ಗಾತ್ರಕ್ಕೆ ಜೋತು ಬಿದ್ದು, ದಾರಿಯ ಮೂರನೇ ಒಂದು ಭಾಗ ಮುಚ್ಚಿತ್ತು. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು ಹಾಕುತ್ತದೆ, ಅದು ನಿಂತಿರುವುದೇ ಆಯಿಲ್‌ನ ತೆಳು ಪದರದ ಮೇಲೆ. ಆ ಆಯಿಲ್ ಸರಾಗ ಇಳಿಯದಿದ್ದರೆ ಬಿಸಿ ಒಳಗೇ ನಿಲ್ಲುತ್ತದೆ, ಸೀಲ್ ದಾಟಿ ಆಯಿಲ್ ಹೊರಗೆ ಬರುತ್ತದೆ.

ಆದರೆ ಶಾಫ್ಟ್ ಮುರಿಯಲು ಬರೀ ಪೇಸ್ಟ್ ಕಾರಣ ಅಲ್ಲ ಅಂತ ಅವರ ಅನುಮಾನ. ಇಸಿಯುನಲ್ಲಿದ್ದ ಫೈಲ್ ಓದಿಸಿದೆವು. ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗ.

ಫೈಲ್ ಕೇಳುತ್ತಿದ್ದ ಒತ್ತಡ 2.5 ಬಾರ್, ಹೊರಗಿನ ಗಾಳಿಯ ಒತ್ತಡವೂ ಸೇರಿ. ಸಮುದ್ರ ಮಟ್ಟದಲ್ಲಿ ಹೊರಗಿನ ಗಾಳಿಯೇ ಹೆಚ್ಚುಕಡಿಮೆ 1 ಬಾರ್ ಇರುತ್ತದೆ, ಟರ್ಬೊ ಅದನ್ನು ಎರಡೂವರೆ ಪಟ್ಟು ಒತ್ತಿದರೆ ಸಾಕು. ಬೆಂಗಳೂರು ಇರುವುದು 900 ಮೀಟರ್‌ಗೂ ಎತ್ತರದಲ್ಲಿ. ಇಲ್ಲಿನ ಗಾಳಿಯ ಒತ್ತಡ ಸುಮಾರು 0.9 ಬಾರ್. ಅದೇ 2.5 ತಲುಪಬೇಕಾದರೆ ಟರ್ಬೊ ಹತ್ತಿರ 2.8 ಪಟ್ಟು ಒತ್ತಬೇಕು. ನಂದಿ ಬೆಟ್ಟದ ಮೇಲೆ, 1,478 ಮೀಟರ್ ಎತ್ತರದಲ್ಲಿ, ಮೂರು ಪಟ್ಟಿನ ಹತ್ತಿರ ಹೋಗುತ್ತದೆ. ಧೂಳು ತುಂಬಿದ ಏರ್ ಫಿಲ್ಟರ್ ಇದ್ದರೆ ಇನ್ನೂ ಜಾಸ್ತಿ. ಅಷ್ಟು ಒತ್ತಲು ಟರ್ಬೊ ತನ್ನ ಮಿತಿ ಮೀರಿ ಸುತ್ತಬೇಕಾಗುತ್ತದೆ. ಕಂಪನಿಯ ಫೈಲ್‌ನಲ್ಲಿ ಇದಕ್ಕೆ ಕಡಿವಾಣ ಇರುತ್ತದೆ, ಎತ್ತರ ಹೆಚ್ಚಿದಂತೆ ಬೂಸ್ಟ್ ತಾನಾಗಿ ತಗ್ಗುತ್ತದೆ. ನನ್ನ ಕಾರಿನ ಫೈಲ್‌ನಲ್ಲಿ ಆ ಕಡಿವಾಣವನ್ನೇ ತೆಗೆದು ಹಾಕಿದ್ದರು. ಪಿ0299 ಕೋಡ್ ಹೇಳುತ್ತಿದ್ದದ್ದೂ ಇದನ್ನೇ. ಫೈಲ್ ಕೇಳುತ್ತಿದೆ, ಟರ್ಬೊ ಏದುಸಿರು ಬಿಡುತ್ತಿದೆ, ತಲುಪಲು ಆಗುತ್ತಿಲ್ಲ. ಹುಡುಗ ಅಳಿಸಿ ಕಳಿಸಿದ.

ಅದೇ ಫೈಲ್ ಇನ್ನೊಂದು ಲೆಕ್ಕವನ್ನೂ ಹಿಡಿದಿತ್ತು, ಪೆಟ್ರೋಲ್‌ನದು. ಅದನ್ನು ಬರೆದದ್ದು ಯುರೋಪಿನ 98 ಆಕ್ಟೇನ್‌ಗೆ. ನಮ್ಮಲ್ಲಿ ಪ್ರೀಮಿಯಂ ಅಂತ ಹೆಚ್ಚಿನ ಕಡೆ ಸಿಗುವುದು 95. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100 ಡಿಸೆಂಬರ್ 2020ರಲ್ಲಿ ಬಂತು, ಆದರೆ ಆಯ್ದ ಬಂಕುಗಳಲ್ಲಿ ಮಾತ್ರ. ಘಾಟಿಯ ಕಡೆ ಹೋದರೆ 95 ಸಿಕ್ಕರೇ ಪುಣ್ಯ. ಆಕ್ಟೇನ್ (ತಾನಾಗಿ ಸಿಡಿಯದೆ ತಡೆಯುವ ಪೆಟ್ರೋಲ್‌ನ ಗುಣ) ಕಡಿಮೆಯಾದರೆ ಎಂಜಿನ್ ನಾಕ್ ಆಗುತ್ತದೆ, ಅಂದರೆ ಪೆಟ್ರೋಲ್ ಒಳಗೇ ತಾನಾಗಿ ಸಿಡಿಯುತ್ತದೆ. ಕಂಪ್ಯೂಟರ್ ಅದನ್ನು ಹಿಡಿದು ಕಿಡಿಯನ್ನು ತಡ ಮಾಡುತ್ತದೆ. ಕಿಡಿ ತಡವಾದರೆ ಉರಿ ಎಕ್ಸಾಸ್ಟ್ ಕಡೆಗೆ ಜಾರುತ್ತದೆ, ಟರ್ಬೊ ಇನ್ನಷ್ಟು ಬಿಸಿಯಾಗುತ್ತದೆ. ಕೆಲವೊಮ್ಮೆ ಕಂಪ್ಯೂಟರ್ ಹಿಡಿಯುವಷ್ಟರಲ್ಲಿ ನಾಲ್ಕಾರು ನಾಕ್ ಆಗಿಹೋಗಿರುತ್ತವೆ. ನನ್ನ ಎಂಜಿನ್‌ನಲ್ಲಿ ಎರಡನೇ ಸಿಲಿಂಡರ್‌ನ ಕಂಪ್ರೆಷನ್ ಕಡಿಮೆ ತೋರಿಸಿತು. ಹೆಡ್ ಇಳಿಸಿ ಪಿಸ್ಟನ್ ತೆಗೆದರೆ ರಿಂಗ್ ಕೂರುವ ಅಂಚು ಒಡೆದಿತ್ತು. ಮುರಿದ ಚಕ್ರದ ಚೂರುಗಳು ಇಂಟರ್‌ಕೂಲರ್‌ನಲ್ಲೇ ನಿಂತಿದ್ದವು, ಎಂಜಿನ್ ಒಳಗೆ ಹೋಗಿರಲಿಲ್ಲ. ಅಂದರೆ ಪಿಸ್ಟನ್ ಒಡೆದದ್ದು ಟರ್ಬೊ ಮುರಿದ ಕಾರಣಕ್ಕಲ್ಲ, ಎರಡಕ್ಕೂ ಮೂಲ ಆ ಫೈಲೇ.

ಇದನ್ನೆಲ್ಲ ಒಂದೇ ಒಂದು ಲಾಗ್ ತೋರಿಸಿಕೊಡುತ್ತಿತ್ತು. ಮೂರನೇ ಗೇರ್‌ನಲ್ಲಿ ಖಾಲಿ ರಸ್ತೆಯಲ್ಲೋ ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೋ ಒಂದು ಸಲ ಪೂರ್ತಿ ಎಳೆಸಿದರೆ ಸಾಕು. ಕೇಳಿದ ಬೂಸ್ಟ್ ಎಷ್ಟು, ಬಂದದ್ದು ಎಷ್ಟು. ಪ್ರತಿ ಸಿಲಿಂಡರ್‌ನಲ್ಲಿ ಕಿಡಿ ಎಷ್ಟು ಡಿಗ್ರಿ ಹಿಂದೆ ಹೋಯಿತು. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಕೊಡುವ ಫ್ಯುಯೆಲ್ ರೈಲ್‌ನ ಒತ್ತಡ ಹಿಡಿದು ನಿಂತಿತಾ, ಕುಸಿಯಿತಾ. ಲ್ಯಾಂಬ್ಡಾ, ಅಂದರೆ ಗಾಳಿಗೂ ಪೆಟ್ರೋಲಿಗೂ ಇರುವ ಅನುಪಾತದ ಅಳತೆ, ಎಷ್ಟಿತ್ತು. ರೈಲ್ ಒತ್ತಡದ ಕಡೆ ವಿಶೇಷ ಗಮನ ಕೊಡಿ. ಈಗ ಬಂಕುಗಳಲ್ಲಿ ಬರುತ್ತಿರುವುದು 20% ಎಥನಾಲ್ ಬೆರೆತ ಪೆಟ್ರೋಲ್, ಅಷ್ಟೇ ಗಾಳಿಗೆ ಅದು ಜಾಸ್ತಿ ಬೇಕು. ಹೈ ಪ್ರೆಷರ್ ಪೆಟ್ರೋಲ್ ಪಂಪ್ ಕಂಪನಿಯದೇ ಇದ್ದರೆ ಮೇಲಿನ ಆರ್‌ಪಿಎಂಗಳಲ್ಲಿ ಅದು ಸೋಲಬಹುದು.

ಅಂಗಡಿಯವರ ಜೊತೆ ಮಾತು ಹೇಗೆ ನಡೆಯಿತು ಅಂತ ನೀವೇ ಊಹಿಸಬಹುದು. ಮೊದಲು "ಪೆಟ್ರೋಲ್ ಸರಿ ಇಲ್ಲ" ಅಂದರು. ಆಮೇಲೆ "ನೀವು ಕೂಲ್ ಡೌನ್ ಮಾಡಿಲ್ಲ," ಅಂದರೆ ಎಂಜಿನ್ ನಿಲ್ಲಿಸುವ ಮುಂಚೆ ಟರ್ಬೊ ತಣಿಯಲು ಬಿಟ್ಟಿಲ್ಲ ಅಂತ. ಸಿಲಿಕಾನ್ ಪೇಸ್ಟ್‌ನ ಫೋಟೊ ಕಳಿಸಿದ ಮೇಲೆ ಫೋನ್ ಎತ್ತುವುದೇ ನಿಂತಿತು. ಗ್ರಾಹಕರ ಆಯೋಗಕ್ಕೆ ಹೋಗೋಣ ಅಂತ ಬಿಲ್ ತೆಗೆದು ನೋಡಿದರೆ, ಅದರಲ್ಲಿ ಟರ್ಬೊ ಅನ್ನುವ ಪದವೇ ಇಲ್ಲ. "ಜನರಲ್ ಸರ್ವಿಸ್, ಲೇಬರ್" ಅಷ್ಟೇ. ಉಳಿದದ್ದು "ಅಡ್ವಾನ್ಸ್". ವಕೀಲರು ಇನ್ನೊಂದು ಮಾತು ಹೇಳಿದರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ತಯಾರಕರ ಮೂಲ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. ನಿಯಮ ಮೀರಿ ಬದಲಿಸಿದ ಮಾಲೀಕರಿಗೆ 2019ರ ತಿದ್ದುಪಡಿಯಿಂದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಂಗಡಿಗೆ ಇದೆಲ್ಲ ಚೆನ್ನಾಗಿ ಗೊತ್ತು, ಅದಕ್ಕೇ ಬಿಲ್ ಹಾಗಿತ್ತು. ಇನ್ಶೂರೆನ್ಸ್ ಆಸೆಯೂ ಬೇಡ. ಸಾಮಾನ್ಯ ಪಾಲಿಸಿಯಲ್ಲಿ ಯಂತ್ರ ತಾನಾಗಿ ಕೆಟ್ಟರೆ ಪರಿಹಾರ ಇಲ್ಲ. ಗಾಡಿ ಬದಲಿಸಿದ್ದನ್ನು ತಿಳಿಸದೆ ಇದ್ದರಂತೂ ಅಪಘಾತದ ಕ್ಲೇಮ್‌ಗೂ ಸಂಚಕಾರ.

ಹಾಕಿಸಲೇಬೇಕು ಅನ್ನುವವರು ಅಂಗಡಿಯ ಒಳಗೆ ಹೋದ ತಕ್ಷಣ ಹಳೆಯ ಗಿರಾಕಿಯ ಲಾಗ್ ತೋರಿಸಿ ಅಂತ ಕೇಳಿ. ಡೈನೋ ಗ್ರಾಫ್ ಅಲ್ಲ, ಲಾಗ್. ಗ್ರಾಫ್ ಯಾರು ಬೇಕಾದರೂ ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಬಹುದು. ಫೈಲ್ ಎಷ್ಟು ಎತ್ತರಕ್ಕೆ, ಎಷ್ಟು ಆಕ್ಟೇನ್‌ಗೆ ಬರೆದದ್ದು ಅಂತ ಕೇಳಿ, ಉತ್ತರ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಆಯಿಲ್ ಪೈಪ್, ಗ್ಯಾಸ್ಕೆಟ್, ವಾಷರ್ ಎಲ್ಲ ಹೊಸದಿರಲಿ, ಹಾಕುವ ಮುಂಚೆ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಲಿ. ಮೊದಲ ಸ್ಟಾರ್ಟ್‌ಗೆ ಮುಂಚೆ ಟರ್ಬೊಗೆ ಆಯಿಲ್ ತುಂಬಿದರಾ ನೋಡಿ. ಬೂಸ್ಟ್ ಹತೋಟಿಯಲ್ಲಿಡುವ ವೇಸ್ಟ್‌ಗೇಟ್ ಕವಾಟದ ಮೋಟರ್ ಈ ಕಾರಲ್ಲಿ ಎಲೆಕ್ಟ್ರಿಕ್, ಕೂರಿಸಿದ ಮೇಲೆ ಸ್ಕ್ಯಾನರ್‌ನಲ್ಲಿ ಅಡಾಪ್ಟೇಷನ್ (ಹೊಸ ಭಾಗವನ್ನು ಕಂಪ್ಯೂಟರಿಗೆ ಹೊಂದಿಸುವುದು) ಮಾಡಿಸಬೇಕು.

1.8 ಟಿಎಸ್‌ಐ ಆಕ್ಟೇವಿಯಾ ಇರುವವರಿಗೂ ಕೆಲವು ಅಂಗಡಿಗಳು ಇದನ್ನೇ ಮಾರುತ್ತಿವೆ. ಅದರ ಏಳು ಗೇರಿನ ಡಿಕ್ಯೂ 200 ಡ್ರೈ ಕ್ಲಚ್, ಮಿತಿ 250 ಎನ್‌ಎಂ. ಅದಕ್ಕೆ ಐಎಸ್ 38 ಹಾಕುತ್ತೇನೆ ಅನ್ನುವವರ ಹತ್ತಿರ ಕಾರು ತೊಳೆಸಲೂ ಹೋಗಬೇಡಿ.

ನನ್ನ ಕಾರು ಈಗ ಹೊಸ ಪಿಸ್ಟನ್, ಹೊಸ ಕ್ಯಾಟಲಿಟಿಕ್ ಕನ್ವರ್ಟರ್, ಹಳೆಯ ಐಎಸ್ 20 ಮತ್ತು ಕಂಪನಿಯ ಫೈಲ್‌ನಲ್ಲಿ ಓಡುತ್ತಿದೆ. ಆ ಐಎಸ್ 20ಯನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಿ, ಇಷ್ಟು ಕಮ್ಮಿ ಮಾಡ್ತೀವಿ ಅಂತ ಅಂಗಡಿಯವರು ಆವತ್ತು ತುಂಬಾ ಒತ್ತಾಯ ಮಾಡಿದ್ದರು. ಯಾವ ಕಾರಣಕ್ಕೂ ಕೊಡಬೇಡಿ. ಪೈಪು, ಬೋಲ್ಟು ಸಮೇತ ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ಮನೆಗೆ ತನ್ನಿ, ಆಯಿಲ್ ಬಾಯಿಗಳಿಗೆ ಟೇಪ್ ಸುತ್ತಿ ಇಡಿ.