ಸುಮಾರು ಮೂರು ವರ್ಷದ ಮೇಲೆ ಒಂದೇ ಮೇಜಿನಲ್ಲಿ: ಗಾಂಧಿ ಬಜಾರಿನ ವಿದ್ಯಾರ್ಥಿ ಭವನ

ವಿದ್ಯಾರ್ಥಿ ಭವನದ ದೋಸೆಯ ಬಗ್ಗೆ ಹೊಸದಾಗಿ ಬರೆಯಲು ಏನಿದೆ ಎಂದು ಬಸವನಗುಡಿಯವರು ಕೇಳಬಹುದು. 1943ರಿಂದ ನಡೆಯುತ್ತಿರುವ ಈ ಹೋಟೆಲಿಗೆ ಮದುವೆಯಾಗಿ ಈ ಬಡಾವಣೆಗೆ ಬಂದಾಗಿನಿಂದ ಹೋಗುತ್ತಿದ್ದರೂ ನನಗೆ ಬರೆಯಬೇಕೆನ್ನಿಸಿರಲಿಲ್ಲ. 2022ರ ನವೆಂಬರಿನಲ್ಲಿ, ಕಡಲೆಕಾಯಿ ಪರಿಷೆಯ ವಾರ, ಸಿಡ್ನಿಯಿಂದ ಬಂದ ಮಗಳು, ಅಳಿಯ ಮತ್ತು ಅಲ್ಲಿಯವರೆಗೆ ಫೋನಿನಲ್ಲಿ ಮಾತ್ರ ಕಂಡಿದ್ದ ಮೊಮ್ಮಗನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆವು. ಬಹಳ ಕಾಲ ಅಗಲಿದ್ದು ಸೇರುವವರಿಗೆ ಯಾವ ಹೋಟೆಲು ಎಂದು ಕೇಳಿದರೆ ಇನ್ನು ಮುಂದೆ ನಾನು ಇದನ್ನೇ ಹೇಳುತ್ತೇನೆ.

ಬಾಣಂತನ ಮಾಡಲು ನಾವಿಬ್ಬರೂ 2020ರ ಜುಲೈನಲ್ಲಿ ಸಿಡ್ನಿಗೆ ಹೊರಡುವುದೆಂದು ಟಿಕೆಟ್ ಮಾಡಿಸಿದ್ದೆವು. ಮಾರ್ಚ್ 20ಕ್ಕೆ ಆಸ್ಟ್ರೇಲಿಯಾ ಹೊರಗಿನವರಿಗೆ ಗಡಿ ಮುಚ್ಚಿತು. ಎರಡು ಮೂರು ದಿನಗಳಲ್ಲೇ ನಮ್ಮ ದೇಶದಿಂದಲೂ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ಏಜೆಂಟರಿಂದ ಟಿಕೆಟ್ಟಿನ ಹಣ ವಾಪಸು ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅದಕ್ಕಿಂತ ನನ್ನನ್ನು ನೋಯಿಸಿದ್ದು, ಮಗಳಿಗೆಂದು ಮಾಡಿಟ್ಟ ಲೇಹ್ಯ ಡಬ್ಬಿಯಲ್ಲೇ ಉಳಿದದ್ದು. ಆಗಸ್ಟಿನಲ್ಲಿ ಮಗು ಹುಟ್ಟಿದಾಗ ಬೆಳಗಿನ ಐದೂವರೆಗೆ ಎದ್ದು ಫೋನಿನ ಮುಂದೆ ಕುಳಿತು ನಾಮಕರಣ ನೋಡಿದೆವು. 2021ರ ಮೇ ತಿಂಗಳಲ್ಲಿ ಯಜಮಾನರಿಗೆ ಆಮ್ಲಜನಕ ಹಾಕಿದ್ದ ದಿನಗಳಲ್ಲಿ, ಭಾರತದಲ್ಲಿರುವ ತನ್ನ ಪ್ರಜೆಗಳೂ ಮರಳಿ ಬರಬಾರದೆಂದು ಆಸ್ಟ್ರೇಲಿಯಾ ನಿರ್ಬಂಧ ಹಾಕಿತ್ತು. ಅಲ್ಲಿಂದ ಹೊರಡುವುದಕ್ಕೂ ವಿಶೇಷ ಅನುಮತಿ ಬೇಕಾಗಿತ್ತು. ಒಂಬತ್ತು ತಿಂಗಳ ಕೂಸನ್ನು ಕಟ್ಟಿಕೊಂಡು ಮಗಳು ಬರುವ ಮಾತೇ ಇರಲಿಲ್ಲ. ಆ ನವೆಂಬರಿನಲ್ಲಿ ಅಲ್ಲಿನ ಗಡಿ ತೆರೆಯಿತಾದರೂ ಹಿಂದೆಯೇ ಓಮಿಕ್ರಾನ್ ಬಂತು. 2022ರ ಸೆಪ್ಟೆಂಬರ್ 14ರಿಂದ ಸಿಡ್ನಿಗೂ ಬೆಂಗಳೂರಿಗೂ ನೇರ ವಿಮಾನ ಶುರುವಾದ ಮೇಲೆ, ನಡುವೆ ಇಳಿದು ಹತ್ತುವ ಗೊಡವೆಯಿಲ್ಲದೆ, ಮಗುವನ್ನು ಕರೆದುಕೊಂಡು ಅವರು ಬಂದಿಳಿದರು.

ಮಾರನೆಯ ದಿನ ದೊಡ್ಡ ಹೋಟೆಲೊಂದರಲ್ಲಿ ಊಟ ಎಂದು ಅಳಿಯಂದಿರು ಹೇಳಿದಾಗ, "ಬೇಡ ಅಮ್ಮ, ಮಸಾಲೆ ದೋಸೆ ತಿನ್ನೋಣ" ಎಂದವಳು ಮಗಳೇ. ಅವಳು ಹೇಳಿದ್ದು ಸರಿ ಎಂದು ಒಳಗೆ ಕುಳಿತ ಮೇಲೆ ನನಗೆ ಮನವರಿಕೆಯಾಯಿತು. ಅಲ್ಲಿ ಮೇಜುಗಳು ಒತ್ತೊತ್ತಾಗಿವೆ, ಮೊಣಕೈಗೆ ಮೊಣಕೈ ತಾಗುತ್ತದೆ. ಇಷ್ಟು ವರ್ಷ ಅಂಗೈಯಗಲದ ಪರದೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿದವರಿಗೆ ಬೇಕಾದದ್ದು ಆ ತಾಗುವಿಕೆಯೇ. ಗೋಡೆಯ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರಗಳಿವೆ. ಯಜಮಾನರು ಮೊಮ್ಮಗನನ್ನು ಎತ್ತಿಕೊಂಡು ಒಂದೊಂದನ್ನೂ ತೋರಿಸುತ್ತ ಬಂದರು.

ಬಿಳಿ ಪಂಚೆಯ ಸಪ್ಲೈಯರ್ ಎಡಗೈಯ ಉದ್ದಕ್ಕೂ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬಂದು, ಒಂದನ್ನೂ ಅಲುಗಿಸದೆ, ಬಲಗೈಯಿಂದ ತೆಗೆತೆಗೆದು ಇಡುವುದನ್ನು ಮಗು ಬಾಯಿ ತೆರೆದುಕೊಂಡು ನೋಡಿತು. ದೋಸೆ ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ತುಪ್ಪದ ಘಮ. ನೀರಾಗಿರುವ ಚಟ್ನಿಯನ್ನು ಪಕ್ಕದಲ್ಲಿ ಸುರಿಯುತ್ತಾರೆ, ಅದು ದೋಸೆಯ ಅಂಚಿಗೆ ಹರಿದು ನೆನೆಸುವ ಮೊದಲೇ ಮುರಿದು ತಿನ್ನಬೇಕು. ಇಲ್ಲಿ ದೋಸೆಗೆ ಸಾಂಬಾರ್ ಕೊಡುವುದಿಲ್ಲ, ಕಾಗದದಷ್ಟು ತೆಳ್ಳಗಿನ ದೋಸೆ ಬಯಸುವವರಿಗೂ ಇದು ಹಿಡಿಸಲಾರದು. ನನ್ನ ಮಟ್ಟಿಗೆ ಪಲ್ಯವೂ ಚಟ್ನಿಯೂ ಸಾಕು. ಮಗಳು ಮೊದಲ ತುತ್ತು ಬಾಯಿಗಿಟ್ಟು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ಇನ್ನೊಂದು ಹೇಳಿದಳು. ನಾನು ಪಲ್ಯದ ಖಾರ ತಾಗದ ಮೆತ್ತನೆಯ ಭಾಗವನ್ನು ಮುರಿದು ಮೊಮ್ಮಗನ ಬಾಯಿಗಿಟ್ಟೆ. ಮಗುವಿಗೆ ನಾನು ಕೊಟ್ಟ ಮೊದಲ ತುತ್ತು ಅದು, ಅವನಿಗೆ ಆಗ ಎರಡು ವರ್ಷ ಮೂರು ತಿಂಗಳು.

ಕಾಫಿ ಸೊಗಸಾಗಿತ್ತು, ಕೇಸರಿಬಾತಿನಲ್ಲಿ ಸಿಹಿ ಹದವಾಗಿತ್ತು. ಚಿಕ್ಕ ಮಕ್ಕಳಿರುವವರು ವಾರದ ನಡುವೆ, ಬೆಳಿಗ್ಗೆ ಬೇಗ ಹೋಗುವುದು ಮೇಲು. ಭಾನುವಾರ ಬಾಗಿಲಲ್ಲಿ ಬಹಳ ಹೊತ್ತು ಕಾಯಬೇಕಾಗುತ್ತದೆ.

ತಿಂಡಿ ಮುಗಿಸಿ ಕೈ ತೊಳೆಯಲು ಎದ್ದಾಗ ಮೊಮ್ಮಗ ನನ್ನತ್ತ ಕೈಯಾಡಿಸಿ "ಬೈ ಅಜ್ಜಿ" ಎಂದ. ಅಜ್ಜಿಯ ಮುಖ ಕಣ್ಣಿನಿಂದ ಮರೆಯಾದರೆ ಕರೆ ಮುಗಿಯಿತೆಂದೇ ಅವನು ತಿಳಿದಿದ್ದ. ಮಗಳು ತಲೆ ತಗ್ಗಿಸಿದಳು. ನಾನು ಕೈ ತೊಳೆದು ಬಂದು ಅವನ ಪಕ್ಕದಲ್ಲೇ ಕುಳಿತೆ. ಅವನು ತುಸು ಹೊತ್ತು ನನ್ನನ್ನೇ ನೋಡಿ, ಒದ್ದೆಯಾಗಿದ್ದ ನನ್ನ ಬೆರಳನ್ನು ಹಿಡಿದುಕೊಂಡ. ಕಾಫಿ ಕುಡಿಯುವಷ್ಟು ಹೊತ್ತೂ ಬಿಡಲಿಲ್ಲ.