ನೇರ ಹಾದಿಯ ವೇಗ: ಕಾರ್ಖಾನೆ ತಂಡದ ಬೈಕು ಮತ್ತು ಶೋರೂಮ್ ಮೂಲದ ಬೈಕು

ಸರ್ಕಿಟ್ (ರೇಸ್ ಟ್ರ್ಯಾಕ್) ಸವಾರಿಗೆಂದು ಲೀಟರ್ ಬೈಕು, ಅಂದರೆ ಸುಮಾರು 1000 ಸಿಸಿ ಎಂಜಿನ್ನಿನ ಬೈಕು ಕೊಳ್ಳಹೊರಟ ಬೆಳಗಾವಿಯ ಸವಾರರು ಒಂದು ಅಂತರವನ್ನು ಗಮನಿಸಬೇಕು. 2023ರಲ್ಲಿ ಇಟಲಿಯ ಮುಜೆಲ್ಲೊ ಟ್ರ್ಯಾಕಿನಲ್ಲಿ ರೇಸ್ ಸವಾರ ಬ್ರಾಡ್ ಬಿಂಡರ್ ಗಂಟೆಗೆ 366.1 ಕಿ.ಮೀ. ಮುಟ್ಟಿಸಿದ ಕೆಟಿಎಂ ಬೈಕು, ಸ್ಪರ್ಧೆಗೆಂದೇ ಕಟ್ಟಿದ ಮೋಟೋಜಿಪಿ (ಬೈಕ್ ರೇಸಿನ ಅತ್ಯುನ್ನತ ವರ್ಗ) ಯಂತ್ರ. ಅದು ಯಾವ ಅಂಗಡಿಯಲ್ಲೂ ಸಿಗದು. ವಿಶ್ವ ಸೂಪರ್‌ಬೈಕ್ ಸ್ಪರ್ಧೆಯ ಬೈಕುಗಳಾದರೋ ಮಾರಾಟದ ಮಾದರಿಗಳಿಂದಲೇ ಹುಟ್ಟಿದವು. ಕನಿಷ್ಠ ತೂಕ ಮೊದಲನೆಯದಕ್ಕೆ 157 ಕೆ.ಜಿ., ಎರಡನೆಯದಕ್ಕೆ 168 ಕೆ.ಜಿ.; ಅದಕ್ಕಿಂತ ಮುಖ್ಯವಾಗಿ, ಗೇರ್ ಬದಲಾಗುವಾಗಲೂ ಎಳೆತ ಕಡಿಯದ ಗೇರ್‌ಬಾಕ್ಸ್ ಮತ್ತು ಬ್ರೇಕನ್ನು ತಡವಾಗಿ ಹಿಡಿಯಲು ಬಿಡುವ ಕಾರ್ಬನ್ ಡಿಸ್ಕುಗಳಿಂದಾಗಿ ಮೋಟೋಜಿಪಿ ಯಂತ್ರವು ಅದೇ ನೇರ ಹಾದಿಯಲ್ಲಿ ಹೆಚ್ಚು ಹೊತ್ತು ವೇಗ ಏರಿಸುತ್ತಲೇ ಇರುತ್ತದೆ. ಶೋರೂಮಿನ ಬಿಎಂಡಬ್ಲ್ಯೂ ಎಸ್ 1000 ಆರ್‌ಆರ್ ಕೂಡ 300ರ ಆಸುಪಾಸು ಮುಟ್ಟಬಲ್ಲದು (ಧಾರವಾಡದ ಹೆದ್ದಾರಿ ಅದಕ್ಕೆ ಜಾಗವಲ್ಲ). ಆದರೆ ಕೊಯಮತ್ತೂರಿನ ‘ಕರಿ ಮೋಟಾರ್ ಸ್ಪೀಡ್‌ವೇ’ ಎಂಬ ರೇಸ್ ಟ್ರ್ಯಾಕಿನಲ್ಲಿ ಆ ವೇಗಕ್ಕೆ ಮೊದಲೇ ತಿರುವು ಎದುರಾಗುವುದರಿಂದ, ನಾನಾದರೆ ಚಿಕ್ಕ ಎಂಜಿನ್ನಿನ 600 ಸಿಸಿ ಬೈಕನ್ನೇ ಆರಿಸುತ್ತೇನೆ.