ಮರಕುಟಿಗದ ಮರಿಗಳು ಒಪ್ಪಿದ ಫೀಡರ್

ನ್ಯೂಜೆರ್ಸಿಯ ನಮ್ಮ ಹಿತ್ತಿಲಿಗೆ ಚಳಿಗಾಲದಲ್ಲೇ ತಂದ, ಹಕ್ಕಿಗಳಿಗೆ ಕೊಬ್ಬಿನ ತಿಂಡಿ ಇಡುವ ಈ ಸೂಯೆಟ್ ಫೀಡರಿನ ಬಗ್ಗೆ ಬರೆಯಲು ಜೂನ್ ಕೊನೆಯವರೆಗೂ ಕಾದದ್ದಕ್ಕೆ ಕಾರಣವಿದೆ. ಬೆಳೆದ ಮರಕುಟಿಗ ಎಂಥ ಪಂಜರಕ್ಕಾದರೂ ಹೇಗೋ ಅಂಟಿಕೊಂಡು ತಿಂದುಬಿಡುತ್ತದೆ; ಫೀಡರಿನ ಯೋಗ್ಯತೆ ತಿಳಿಯುವುದು ಗೂಡು ಬಿಟ್ಟ ಮರಿಗಳು ಅದರ ಮೇಲೆ ಕೂತಾಗಲೇ.

ರಚನೆ ಸರಳ: ತಂತಿಯ ಚೌಕ ಪಂಜರ, ಒಳಗೆ ಅಂಗೈಯಗಲದ ಸೂಯೆಟ್ ಬಿಲ್ಲೆ, ಕೆಳಗೆ ಗೇಣುದ್ದ ಇಳಿಬಿದ್ದ ಒರಟು ಮರದ ಪಟ್ಟಿ. ನಾನು ಹೆಚ್ಚು ಹಣ ಕೊಟ್ಟದ್ದು ಈ ಪಟ್ಟಿಗೇ. ಎರಡು ಬೆರಳು ಮುಂದಕ್ಕೂ ಎರಡು ಹಿಂದಕ್ಕೂ ಚಾಚಿ ಕಾಂಡವನ್ನು ಹಿಡಿಯುವ ಮರಕುಟಿಗ, ಬಾಲದ ಗಡುಸಾದ ಗರಿಗಳನ್ನು ಮೂರನೆಯ ಕಾಲಿನಂತೆ ಊರಿಕೊಂಡು ನೆಟ್ಟಗೆ ನಿಲ್ಲುತ್ತದೆ. ಬರೀ ಪಂಜರದಲ್ಲಿ ಬಾಲಕ್ಕೆ ಆಸರೆಯಿಲ್ಲದೆ ತೂಗಾಡಬೇಕಾಗುತ್ತದೆ.

ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಡೌನಿ ಮರಕುಟಿಗ, ಉತ್ತರ ಅಮೆರಿಕದ ಮರಕುಟಿಗಗಳಲ್ಲೇ ಅತಿ ಚಿಕ್ಕದು. ಬೆಳೆದ ಗಂಡಿನ ಕೆಂಪು ಗುರುತು ಹಿಂದಲೆಯಲ್ಲಿದ್ದರೆ ಗಂಡು ಮರಿಯದು ನೆತ್ತಿಯ ಮೇಲಿರುವುದರಿಂದ ತಂದೆ ಮಗನನ್ನು ಅಡುಗೆಮನೆಯ ಕಿಟಕಿಯಿಂದಲೇ ಗುರುತಿಸಬಹುದು. ಮೊದಲ ದಿನ ಮರಿ ಪಟ್ಟಿಯ ತುದಿಯಲ್ಲಿ ಕೂತು, ತಿಂಡಿ ತಲೆಯ ಮೇಲೆಯೇ ಇದ್ದರೂ ಅಪ್ಪ ಬಂದು ಬಾಯಿಗಿಡುವವರೆಗೂ ಕೂಗುತ್ತಿತ್ತು. ನಾಲ್ಕನೆಯ ದಿನ ಪಟ್ಟಿಯನ್ನೇ ಕಾಂಡವೆಂದು ನಂಬಿದಂತೆ ಕುಪ್ಪಳಿಸುತ್ತ ಮೇಲೇರಿ ತಾನೇ ಕುಟುಕಿತು. ಪಕ್ಕದ ಕೊಂಬೆಯಲ್ಲಿರುವ, ಪಟ್ಟಿಯಿಲ್ಲದ ನಮ್ಮ ಹಳೆಯ ಪಂಜರದಿಂದ ಅದೇ ಮರಿ ಎರಡು ಸಲ ಜಾರಿದ್ದನ್ನೂ ಕಂಡಿದ್ದೇನೆ.

ಬೆಂಗಳೂರಿನಿಂದ ಬಂದಿದ್ದ ನಮ್ಮ ಅತ್ತೆಯವರು, ಸೂಯೆಟ್ ಎಂದರೆ ದನದ ಕೊಬ್ಬೆಂದು ತಿಳಿದ ಮೇಲೆ ಫೀಡರನ್ನು ಮುಟ್ಟಲಿಲ್ಲ. ಕಾಫಿ ಲೋಟ ಹಿಡಿದು ಕಿಟಕಿಯ ಬಳಿಯಿಂದ ಕದಲಲೂ ಇಲ್ಲ.

ಬಾಗಿಲಿನ ಕೊಂಡಿ ಮಾತ್ರ ಕಳಪೆ. ಅಳಿಲು ಎರಡೇ ದಿನದಲ್ಲಿ ಅದನ್ನು ಬಿಚ್ಚಲು ಕಲಿತದ್ದರಿಂದ ಈಗ ತಂತಿ ಸುತ್ತಿದ್ದೇನೆ. ಸ್ಟಾರ್ಲಿಂಗ್ ಹಕ್ಕಿಗಳನ್ನು ತಡೆಯುವ ಯಾವ ಏರ್ಪಾಡೂ ಇದರಲ್ಲಿಲ್ಲ. 1890ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ತಂದು ಬಿಟ್ಟ ಈ ಯುರೋಪಿನ ಹಕ್ಕಿಗಳ ಸಂತತಿ ಇಂದು ಗುಂಪಾಗಿ ಬಂದು ಬಿಲ್ಲೆಯನ್ನು ಮುಗಿಸುವಾಗ ಮರಿಗಳಿಗೆ ಸರದಿಯೇ ಸಿಗುವುದಿಲ್ಲ. ಬಿಸಿಲಿಗೆ ಸಾದಾ ಸೂಯೆಟ್ ಕರಗಿ ಗರಿಗಳಿಗೆ ಮೆತ್ತಿಕೊಳ್ಳುವುದುಂಟು, ಆದ್ದರಿಂದ ಬೇಸಿಗೆಗೆಂದೇ ಮಾಡಿದ, ಸುಲಭವಾಗಿ ಕರಗದ ಬಿಲ್ಲೆಯನ್ನು ನೆರಳಿನಲ್ಲಿ ತೂಗುಹಾಕಬೇಕು.

ಅಂಗಡಿಯಲ್ಲಿ ಗಿಡ್ಡ ಪಟ್ಟಿಯ ಅಗ್ಗದ ಮಾದರಿಯೂ ಇದೆ. ಡೌನಿಗೆ ಅದು ಸಾಕಾದೀತು. ಆದರೆ ಅದಕ್ಕಿಂತ ಬಹಳ ದೊಡ್ಡದಾದ ರೆಡ್ ಬೆಲ್ಲೀಡ್ ಮರಕುಟಿಗದ ಬೂದು ತಲೆಯ ಮರಿಗಳೂ ನಿಮ್ಮ ಹಿತ್ತಿಲಿಗೆ ಬರುವುದಾದರೆ ಉದ್ದ ಪಟ್ಟಿಯದನ್ನೇ ಕೊಳ್ಳಿ.